ಸ್ಯಾಂಪಲ್ ಎಂದು ಬರೆದದ್ದು

ಸುಂಕದ ಕಚೇರಿಯ ಮೂರನೇ ಕೌಂಟರಿನ ಮುಂದೆ ನಿಂತಿದ್ದ ಟೇಪಮ್ಮನಿಗೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಹೆಂಗಸರ ಒಳಉಡುಪಿನ ಅಂಗಡಿ ನಡೆಸುತ್ತಿರುವವಳು ಆಕೆ. ಬಂದವರನ್ನು ಬಾಗಿಲಲ್ಲೇ ಕಣ್ಣಳತೆಯಲ್ಲಿ ಅಳೆದು ಸರಿಯಾದ ಡಬ್ಬ ತೆಗೆದಿಡುತ್ತಾಳೆಂದು ಪೇಟೆಯವರು ಇಟ್ಟ ಹೆಸರದು. ಅಂಥವಳು ಒಂದು ಜುಜುಬಿ ಫಾರಂ ತುಂಬುವಾಗ ಎಡವಿದ್ದಳು.

ಹೊರದೇಶದಿಂದ ಹೊಸ ಮಾಲಿನ ನಮೂನೆ ತರಿಸುವಾಗಲೆಲ್ಲ 'ಸ್ಯಾಂಪಲ್' ಎಂದು ಬರೆಯುವುದು ಆಕೆಯ ರೂಢಿ. ಸ್ಯಾಂಪಲ್ಲಿಗೆ ಸುಂಕವಿಲ್ಲ, ಆದರೆ ಅದನ್ನು ಯಾರೂ ಮಾರಬಾರದೆಂದು ಕಚೇರಿಯವರು ಕತ್ತರಿ ಹಾಕಿಯೇ ಕೊಡುತ್ತಾರೆ. ಅಂಗಡಿಯ ಗೋಡೆಗೆ ನೇತುಹಾಕಲು ಅಷ್ಟು ಸಾಕು. ಈ ಸಲ ಬಂದಿದ್ದ ಒಂದೇ ಒಂದು ಬ್ರಾ ಮಾತ್ರ ಗೋಡೆಗಲ್ಲ, ಅಕ್ಕನಿಗೆ. ಆದರೂ ಹಾಳು ಕೈ ತನ್ನ ಪಾಡಿಗೆ ತಾನು 'ಸ್ಯಾಂಪಲ್' ಎಂದು ಗೀಚಿಬಿಟ್ಟಿತ್ತು.

ಅಕ್ಕ ಬಸ್ ಕಂಡಕ್ಟರ್. ಐದು ತಿಂಗಳ ಹಿಂದೆ ಆಪರೇಷನ್ ಮಾಡಿ ಅವಳ ಎಡ ಮೊಲೆ ತೆಗೆದಿದ್ದರು. ಸೋಮವಾರ ರಜೆ ಮುಗಿಯುತ್ತದೆ. ಅವತ್ತು ಬಸ್ ಹತ್ತದಿದ್ದರೆ ಹದಿನೆಂಟು ವರ್ಷದ ಅವಳ ರೂಟು ಬೇರೆಯವರಿಗೆ, ಅವಳಿಗೆ ಡಿಪೋದ ಮೂಲೆಯಲ್ಲೊಂದು ಕುರ್ಚಿ. ಆಸ್ಪತ್ರೆಯವರು ಕೃತಕ ಮೊಲೆಯನ್ನೇನೋ ಕೊಟ್ಟಿದ್ದರು. ಆದರೆ ಬೆಲ್ಲಿನ ಹಗ್ಗ ಎಳೆಯಲು ಕೈ ಎತ್ತಿದರೆ ಅದು ಜಾರಿ ಕುತ್ತಿಗೆಗೇ ಬರುತ್ತಿತ್ತು. "ತುಂಬಿದ ಬಸ್ಸಲ್ಲಿ ಹೀಗಾದ್ರೆ ಮುಖ ಎಲ್ಲಿಟ್ಕೊಳ್ಲೇ?" ಎಂದಿದ್ದಳು ಅಕ್ಕ. ಟೇಪಮ್ಮ ಮಾಮೂಲಿ ಬ್ರಾಗೆ ಒಳಚೀಲ ಹೊಲಿದು ನೋಡಿದಳು, ಭಾರಕ್ಕೆ ಜೋತುಬಿತ್ತು. ಇದಕ್ಕೆಂದೇ ಮಾಡಿದ್ದು ಬರಬೇಕಾದರೆ ಹೊರಗಿನಿಂದಲೇ ಬರಬೇಕು. ತರಿಸುತ್ತಿದ್ದ ದೊಡ್ಡ ವ್ಯಾಪಾರಿ ಸುಂಕ ಏರಿದ್ದೇ ಕೈ ಎತ್ತಿದ್ದ. ಗಂಡಸರ ಬನಿಯನ್ನಿಗೆ ಇಷ್ಟಾದರೆ ಹೆಂಗಸರದ್ದಕ್ಕೆ ಅದರ ದುಪ್ಪಟ್ಟು. ಯಾವ ಪುಣ್ಯಾತ್ಮ ಕೂತು ಬರೆದನೋ ಆ ಪಟ್ಟಿಯನ್ನು!

ಕೌಂಟರಿನ ಅಧಿಕಾರಿಗೆ ಆಕೆಯ ಅಳಿಯನ ವಯಸ್ಸು. ಕೈಯಲ್ಲಿ ಮುಟ್ಟಲು ನಾಚಿ, ಬ್ರಾವನ್ನು ಪೆನ್ನಿನ ತುದಿಗೆ ಸಿಕ್ಕಿಸಿ ಎತ್ತಿದ.

"ಸಾರ್, ಇದು ಸ್ಯಾಂಪಲ್ ಅಲ್ಲ. ತಪ್ಪಾಯ್ತು. ಸುಂಕ ಎಷ್ಟಾಗುತ್ತೋ ಕಟ್ಬಿಡ್ತೀನಿ."

"ನೀವೇ ಬರೆದಿದ್ದೀರಲ್ಲಮ್ಮ."

"ಬರೆದೆ, ಬುದ್ಧಿ ಮೇಯೋಕೆ ಹೋಗಿತ್ತು. ಈಗ ಕಟ್ತೀನಿ ಅಂತಿದ್ದೀನಲ್ಲ!"

"ಫಾರಂ ಒಳಗೆ ಹೋದ್ಮೇಲೆ ಬದಲಾಯಿಸೋಕಾಗಲ್ಲ. ವಾಪಸ್ ಕಳಿಸಿ ಹೊಸದಾಗಿ ತರಿಸ್ಕೊಳ್ಳಿ. ಆರು ವಾರ."

"ನಂಗೆ ಸೋಮವಾರಕ್ಕೆ ಬೇಕು ಸಾರ್."

"ಹಾಗಾದ್ರೆ ಕತ್ತರಿ ಹಾಕ್ಕೊಡ್ತೀನಿ, ಈಗ್ಲೇ ತಗೊಂಡು ಹೋಗಿ."

ಸುಂಕ ಜಾಸ್ತಿಯಾಯಿತೆಂದು ಜೀವಮಾನವೆಲ್ಲ ಶಾಪ ಹಾಕಿದವಳು ಇವತ್ತು ದಮ್ಮಯ್ಯ ಕಟ್ಟಿಸಿಕೊಳ್ಳಿ ಎಂದು ಗೋಗರೆಯುತ್ತಿದ್ದಳು, ಕಟ್ಟಿಸಿಕೊಳ್ಳುವವರಿಲ್ಲ. ಅಕ್ಕನ ಆಸ್ಪತ್ರೆ ಚೀಟಿಯನ್ನು ಮುಂದೆ ತಳ್ಳಿದಳು. ಆತ ಓದಿದ, ಕಿವಿ ಕೆಂಪಗಾಯಿತು. "ಇಂಥದ್ದಕ್ಕೆ ಬೇರೆ ಫಾರಂ ಇತ್ತು. ಸುಂಕನೇ ಇರ್ತಿರ್ಲಿಲ್ಲ," ಎಂದ ಮೆಲ್ಲಗೆ. ಇತ್ತಂತೆ! ಎಲ್ಲಿತ್ತು? ಉಗುಳಬೇಡಿ ಎಂಬುದನ್ನು ಆರು ಕಡೆ ಅಂಟಿಸಿದ್ದ ಆ ಗೋಡೆಗಳ ಮೇಲೆ ಈ ವಿಷಯಕ್ಕೆ ಜಾಗವಿರಲಿಲ್ಲ. ಟೇಪಮ್ಮನಿಗೆ ಮೈಯೆಲ್ಲ ಉರಿಯಿತು.

"ಹಿಂದಿನ ಪಟ್ಟಿಗೆ ಹಾಕಿ ಸಾರ್, ಕೊಕ್ಕೆ ಹತ್ರ. ಚೂರೇ ಚೂರು."

"ಮುಂದೆ, ಕಾಣೋ ಜಾಗದಲ್ಲಿ, ಎರಡು ಇಂಚು. ನಿಯಮ ಅಮ್ಮ. ನನ್ನ ಕೈಲೇನೂ ಇಲ್ಲ."

ಕೈಯಲ್ಲಿ ಕತ್ತರಿಯೇ ಇತ್ತು. ಮುಖ ಆಚೆ ತಿರುಗಿಸಿಕೊಂಡು ಕಚಕ್ಕನೆ ಆಡಿಸಿದ. ಒಳಚೀಲದ ಸಮೇತ ಸೀಳಿತು.

ಟೇಪಮ್ಮ ಮನೆಗೂ ಹೋಗದೆ ನೇರ ಅಂಗಡಿಗೆ ಬಂದು ಮಿಷನ್ನಿನ ಮುಂದೆ ಕೂತಳು. ಎರಡು ಸಲ ಬಿಚ್ಚಿ ಮೂರು ಸಲ ಹೊಲಿದಳು. ಸಂಜೆ ಅಕ್ಕ ಅದನ್ನು ತೊಟ್ಟು, ಇಲ್ಲದ ಹಗ್ಗ ಎಳೆಯುವವಳಂತೆ ಕೈ ಎತ್ತಿದಳು. ಏನೂ ಜಾರಲಿಲ್ಲ. ಟೇಪಮ್ಮ ಉಸಿರು ಬಿಡುವಷ್ಟರಲ್ಲಿ ಅಕ್ಕ ಹಲ್ಲು ಕಚ್ಚಿಕೊಂಡು ಮಂಚದ ಮೇಲೆ ಕುಸಿದಳು. ಹೊಲಿಗೆಯ ಗಂಟು ಸರಿಯಾಗಿ ಆಪರೇಷನ್ ಗಾಯದ ಮೇಲೆಯೇ ಒತ್ತುತ್ತಿತ್ತು.

ಬಿಚ್ಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಅಕ್ಕ ಏನಾಯಿತೆಂದು ಕೇಳಿದಳು. ತಂಗಿ ಹೇಳಿದಳು. ಫಾರಂ, ಕತ್ತರಿ, ನಿಯಮ, ಒಂದನ್ನೂ ಬಿಡಲಿಲ್ಲ.

"ಅವನೂ ಎಡಗಡೆದೇ ತೆಗೆದ್ನಾ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಟೇಪಮ್ಮನಿಗೆ ನಗು ಬರಲಿಲ್ಲ, ಕೋಪಕ್ಕೆ ಅಳು ಬಂತು.

"ಅಳ್ಬೇಡ ಸುಮ್ನಿರೇ," ಎಂದಳು ಅಕ್ಕ, ನಗು ನಿಂತ ಮೇಲೆ. "ಡಿಪೋಗೆ ಫೋನ್ ಮಾಡು. ಕುರ್ಚಿ ಹಾಕಿಡಿ, ಬರ್ತಾಳೆ ಅನ್ನು."