ಹುಚ್ಚಪ್ಪನ ಪುಟ

ಕಾಜಲ ಕ್ಯಾಸೆಟ್ಟಿನ ಹೊಟ್ಟೆಯಿಂದ ಕಂದು ಬಣ್ಣದ ಟೇಪನ್ನು ಮಾರುಗಟ್ಟಲೆ ಎಳೆದು ಪಡಸಾಲೆಯಲ್ಲಿ ರಾಶಿ ಹಾಕುತ್ತಿದ್ದಳು. ಮಗ್ಗುಲಲ್ಲಿ ಎಣ್ಣೆ ಡಬ್ಬಿಯ ರೋಬೋಟು ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಶನಿವಾರದ ಅರ್ಧ ದಿನದ ಶಾಲೆ ಮುಗಿದು ಎಷ್ಟೋ ಹೊತ್ತಾಗಿದ್ದರೂ ಹುಡುಗಿ ಯೂನಿಫಾರ್ಮು ಬಿಚ್ಚಿರಲಿಲ್ಲ. ಹುಮನಾಬಾದಿನ ಬಸ್ಸಿಳಿದು ಆಗಷ್ಟೇ ಮನೆಗೆ ಬಂದ ಅಂಬರೀಷ ಹೊಸ್ತಿಲಲ್ಲೇ ನಿಂತ.

"ಏನವ್ವಾ, ಯಾಕ ಹಿಂಗ ಮಾಡಾಕತ್ತಿ?"

ಉತ್ತರ ಅಡುಗೆಮನೆಯಿಂದ ಬಂತು.

"ನಿಮ್ಮ ಪ್ರತಾಪರಿ," ಎಂದಳು ಹೆಂಡತಿ ವಿದ್ಯಾವತಿ. "ನೀವು ಬರೆದದ್ದು ಪೇಪರಿನ್ಯಾಗ ಬಂದದಲ್ಲ, ಟೀಚರ್ ಕ್ಲಾಸಿನ್ಯಾಗ ನಿಂತು ಪೂರಾ ಓದ್ಯಾರಂತ. ಆಮ್ಯಾಲ, ಕಾಜಲನ ಜೋಡಿ ಯಾರ್ಯಾರು ಕೂಡಂಗಿಲ್ಲ ಎದ್ದು ನಿಲ್ರಿ ಅಂದಾರ. ಎಲ್ಲಾರೂ ನಿಂತಾರ."

ಅಂಬರೀಷನ ಕೈಯಲ್ಲಿ ಅದೇ ಪೇಪರಿನ ಐದು ಪ್ರತಿಗಳಿದ್ದವು. ಮೆಲ್ಲಗೆ ಬಾಗಿಲ ಹಿಂದೆ ಇಟ್ಟ.

ಅವನು ಹುಮನಾಬಾದಿನ ಕಾಲೇಜಿನಲ್ಲಿ ಸೈನ್ಸ್ ಲ್ಯಾಬಿನ ಅಟೆಂಡರ್. ದಿನಾ ಬಸವಕಲ್ಯಾಣದಿಂದ ಹೋಗಿ ಬರುತ್ತಿದ್ದ. ಮೂವತ್ತಾರು ತುಂಬಿದರೂ ರದ್ದಿ ಅಂಗಡಿಯಲ್ಲಿ ಕೂತು ಚಿತ್ರಕಥೆಯ ಹಳೇ ಪುಸ್ತಕ ಆರಿಸುವ ಚಟ ಬಿಟ್ಟಿರಲಿಲ್ಲ. ಅಂತರಿಕ್ಷ, ರೋಬೋಟು, ಬೇರೆ ಗ್ರಹದ ಜೀವಿ ಎಂದರೆ ಊಟ ಮರೆಯುವವನು. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಗಿಳಿ ಕಟ್ಟುವ ಬದಲು ಬಟ್ಟೆಯ ಗ್ರಹಗಳನ್ನು ಹೊಲಿದು ಕಟ್ಟಿದ್ದ; ಶನಿಯ ಬಳೆಗೆ ವಿದ್ಯಾವತಿಯದೇ ಒಂದು ಹಸಿರು ಬಳೆ. ಓಣಿಯವರು ಅವನನ್ನು ಹುಚ್ಚ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ, ಹುಮನಾಬಾದಿನ ಬಸ್ ಸ್ಟ್ಯಾಂಡಿನೆದುರು ಮಹೆಬೂಬನ ಇಂಟರ್ನೆಟ್ ಸೆಂಟರಿನಲ್ಲಿ ಕೂತು ತನ್ನಂಥ ಅಪ್ಪಂದಿರಿಗಾಗಿ ಬ್ಲಾಗ್ ಶುರು ಮಾಡಿದಾಗ ಆ ಹೆಸರನ್ನೇ ಅದಕ್ಕಿಟ್ಟ: 'ಹುಚ್ಚಪ್ಪನ ಪುಟ'.

ಬಸ್ಸಿಗೆ ಮೊದಲು ಸಿಗುವ ಅರ್ಧ ತಾಸಿನಲ್ಲಿ ಎರಡು ಬೆರಳಲ್ಲಿ ಕುಟ್ಟುತ್ತಿದ್ದ. ಮಾಳಿಗೆಯ ಮೇಲೆ ಕೂತು ಮಗುವಿಗೆ ನಕ್ಷತ್ರ ತೋರಿಸುವುದು ಹೇಗೆ, ಕಥೆಯ ರಾಕ್ಷಸ ಸೋತಾಗ ಮಗು ಅವನಿಗಾಗಿ ಅತ್ತರೆ ಏನು ಹೇಳಬೇಕು, ಇಂಥವು. ಹುಡಗಿ ಊರಿನ ಕಂಪೌಂಡರೊಬ್ಬ ಓದುತ್ತಿದ್ದ, ದುಬೈಯಲ್ಲಿ ಕ್ರೇನ್ ನಡೆಸುವ ಮನ್ನಾಏಖೇಳ್ಳಿಯವನೂ ಓದುತ್ತಿದ್ದ. ಮಗಳಿಂದ ದೂರ ಇರುವ ಆತ ಒಮ್ಮೆ, 'ನಿಮ್ಮ ಕಾಜಲನ ಮಾತು ಓದಿ ಮಲಗುತ್ತೇನೆ' ಎಂದು ಬರೆದಿದ್ದ.

ರೋಬೋಟು ಕಾಜಲನ ಎಂಟನೆಯ ಹುಟ್ಟುಹಬ್ಬಕ್ಕೆ ಮಾಡಿದ್ದು. ಕಣ್ಣಿಗೆ ಟಾರ್ಚಿನ ಬಲ್ಬು, ಹೊಟ್ಟೆಯಲ್ಲಿ ಹಳೇ ಟೇಪ್ ರೆಕಾರ್ಡರು. ಕೆಂಪು ಗುಂಡಿ ಒತ್ತಿದರೆ ಹೇಳಿದ್ದೆಲ್ಲ ಅದರೊಳಗೆ ಉಳಿಯುತ್ತಿತ್ತು. ಹದಿನೈದು ದಿನದ ಕೆಳಗೆ ಸೆಲ್ಲು ಬದಲಿಸುವಾಗ ಅಂಬರೀಷನ ಬೆರಳು ತಗುಲಿ ಅದು ಮಾತಾಡಿತು. ಮಗಳ ದನಿ: "ನನ್ನ ಜೋಡಿ ಯಾರೂ ಕೂಡಲ್ಲ. ನಾ ಬರೇ ಗ್ರಹದ ಮಾತಾಡ್ತೀನಂತ. ಅಪ್ಪಗ ಹೇಳಬ್ಯಾಡ, ಅವಂಗ ಕೆಟ್ಟ ಅನಸ್ತದ."

ಕೇಳಿದವನಿಗೆ ಎದೆ ಒಡೆದಂತಾಯಿತು. ಮರುದಿನ ಅದನ್ನೇ ಬ್ಲಾಗಿನಲ್ಲಿ ಬರೆದ. ನೂರಕ್ಕೂ ಮಿಕ್ಕಿ ಜನ ಅತ್ತೆವೆಂದು ಉತ್ತರ ಬರೆದರು. ಪೇಪರಿನವರು ಅಚ್ಚು ಹಾಕಲೇ ಎಂದು ಕೇಳಿದರೆ ಹಿಗ್ಗಿನಿಂದ ಹೂಂ ಅಂದಿದ್ದ.

"ನೀನೇ ಹೇಳಿದ್ದಿ," ಕಾಜಲ ಈಗ ಟೇಪಿನ ರಾಶಿ ನೋಡುತ್ತಲೇ ಅಂದಳು, "ರೋಬೋಟ್ ಯಾರ ಮುಂದನೂ ಹೇಳಂಗಿಲ್ಲಂತ."

ಅಂಬರೀಷ ಕಾಲಿನ ಚಪ್ಪಲಿ ಬಿಚ್ಚದೆ ಹಾಗೇ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆದು ಹುಮನಾಬಾದಿನ ಬಸ್ಸು ಹತ್ತಿದ.

ಅವನು ಮತ್ತೆ ಬಂದದ್ದು ನೋಡಿ ಮಹೆಬೂಬನಿಗೆ ಅಚ್ಚರಿ. ಬ್ಲಾಗಿನ ಆ ಬರಹ ಅಳಿಸಲು ಹೊರಟಿದ್ದು ತಿಳಿದಾಗಂತೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ಬಂದ.

"ಅರೇ ಭಾಯಿ, ಖುದ್ದು ನಾನೇ ಓದಿ ಅತ್ತೀನಿ. ಅಷ್ಟು ದಿಲ್ ಬಿಚ್ಚಿ ಬರ್ದೀರಿ, ಯಾಕ ತಗೀತೀರಿ?"

"ದಿಲ್ ನಂದಲ್ಲ ಮಹೆಬೂಬ ಭಾಯಿ, ಆಕೀದು."

ಅಳಿಸಿದ. ಅದರ ಕೆಳಗಿನ ನೂರು ಜನರ ಕಣ್ಣೀರೂ ಅದರ ಜೊತೆಗೇ ಹೋಯಿತು. ಆದರೆ ಪೇಪರು? ಅದು ಊರೆಲ್ಲ ಹಂಚಿ ಮುಗಿದಿತ್ತು. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅಂಬರೀಷ ಒಂದೇ ಸಮನೆ ಯೋಚಿಸಿದ. ಬಸವಕಲ್ಯಾಣದಲ್ಲಿ ಇಳಿದು ಹೊಸ ಕ್ಯಾಸೆಟ್ಟು ಕೊಂಡ.

ಮಗಳೆದುರೇ ಅದನ್ನು ರೋಬೋಟಿನೊಳಗೆ ಹಾಕಿ ಗುಂಡಿ ಒತ್ತಿ, ಚಕ್ಕಳಮಕ್ಕಳ ಹಾಕಿ ಕೂತ.

"ನಾನು ಅಂಬರೀಷ," ಎಂದು ಶುರು ಮಾಡಿದ. "ಹೋದ ವರ್ಷ ವಿಜ್ಞಾನ ದಿನಕ್ಕ ಪ್ರಿನ್ಸಿಪಾಲರು ನಂಗ ನಕ್ಷತ್ರದ ಬಗ್ಗೆ ಹತ್ತು ಮಿನಿಟ್ ಮಾತಾಡು ಅಂದ್ರು. ಮಾತಾಡಿ ಬಂದೆ, ಎಲ್ಲಾರೂ ಚಪ್ಪಾಳಿ ಹೊಡೆದ್ರು ಅಂತ ಮನ್ಯಾಗ ಹೇಳೀನಿ. ಸುಳ್ಳು. ನನ್ನ ಹೆಸರು ಕರದಾಗ ನಾ ಸ್ಟೋರ್ ರೂಮಿನ್ಯಾಗ ಆಸಿಡ್ ಬಾಟಲಿ ಹಿಂದ ಅಡಗಿ ಕೂತಿದ್ದೆ. ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ವಿದ್ಯಾವತಿ ಸೌಟು ಹಿಡಿದು ನಿಂತುಬಿಟ್ಟಿದ್ದಳು. ಆ ಚಪ್ಪಾಳೆಯ ಸುದ್ದಿ ಕೇಳಿ ಅವತ್ತು ಹೋಳಿಗೆ ಮಾಡಿದವಳು ಅವಳೇ.

ಅಂಬರೀಷ ಕ್ಯಾಸೆಟ್ಟು ತೆಗೆದು ಮಗಳ ಅಂಗೈಯಲ್ಲಿಟ್ಟ. "ಸಾಲಿಗೆ ಒಯ್ಯಿ. ಕ್ಲಾಸಿನ್ಯಾಗ ಹಚ್ಚಬೇಕಂದ್ರ ಹಚ್ಚು. ನಿನ್ನ ಕೇಳದೇ ನಾ ನಿಂದು ಹೇಳೀನಿ. ನಂದು ನೀ ಹೇಳು."

ಸೋಮವಾರ ಅವಳು ಅದನ್ನು ಕಂಪಾಸ್ ಪೆಟ್ಟಿಗೆಯ ಜೊತೆ ಪಾಟೀಚೀಲಕ್ಕೆ ಹಾಕಿಕೊಂಡೇ ಹೋದಳು. ಅಂದು ಲ್ಯಾಬಿನಲ್ಲಿ ಅಂಬರೀಷನ ಕೈಯಿಂದ ಎರಡು ಬೀಕರು ಒಡೆದವು. ಸಂಜೆ ಮನೆಗೆ ಬಂದವನು ಕೇಳಲು ಧೈರ್ಯ ಸಾಲದೆ, ಕೈಕಾಲು ತೊಳೆದು, ಚಹಾ ಕುಡಿದು, ಆಮೇಲೆ ಕೇಳಿದ.

"ಹಚ್ಚಿದೇನವ್ವಾ?"

"ಇಲ್ಲ. ಟೀಚರ್ ಚೀಲದಾಗ ನೋಡಿ, ಏನದು ಕಾಜಲ, ಕೇಳಸು ಅಂದ್ರು."

"ನೀ ಏನಂದಿ?"

"ಇದು ನಮ್ಮಪ್ಪಂದು ಅದರಿ, ಅವನ್ನ ಕೇಳ್ರಿ ಅಂದೆ."

ಅಷ್ಟೇ ಹೇಳಿ ಅವಳು ಹೋಂವರ್ಕಿಗೆ ಕೂತಳು. ಅಂಬರೀಷ ಖಾಲಿ ಕಪ್ಪನ್ನು ಹಿಡಿದುಕೊಂಡು ಬಹಳ ಹೊತ್ತು ಅವಳ ಎರಡು ಜಡೆಗಳನ್ನೇ ನೋಡುತ್ತಿದ್ದ. ಈ ಒಂದು ಮಾತನ್ನು ಬರೆದರೆ ಎಷ್ಟು ಜನ ಅತ್ತಾರು ಎಂದು ಅನ್ನಿಸದೆ ಇರಲಿಲ್ಲ. ಬರೆಯಲಿಲ್ಲ.

ಮೂರು ವಾರ ಪುಟ ಖಾಲಿಯೇ ಇತ್ತು. ನಾಲ್ಕನೆಯ ಭಾನುವಾರ ಮಹೆಬೂಬನ ಸೆಂಟರಿಗೆ ಹೋಗೋಣವೆಂದು ಕಾಜಲ ತಾನೇ ಹೊರಟು ನಿಂತಳು. ದುಬೈಯ ಮಾಮಾ ಏನು ಓದಿ ಮಲಗುತ್ತಾನೆ ಎಂಬುದು ಅವಳ ಚಿಂತೆ. ಮಹೆಬೂಬ ಅಪ್ಪನ ಕುರ್ಚಿಯ ಪಕ್ಕ ಎತ್ತರದ ಸ್ಟೂಲು ಇಟ್ಟು ಅವಳನ್ನು ಎತ್ತಿ ಕೂರಿಸಿದ. ಅಂಬರೀಷ ಗಾಳಿಪಟದ ಬಾಲದ ಬಗ್ಗೆ ಒಂದು ಪುಟ ಕುಟ್ಟಿದ.

"ಈ ಸಾಲು ತಗಿ," ಅಂದಳು ಕಾಜಲ. "ನಾ ಅತ್ತಿಲ್ಲ."

ತೆಗೆದ.

"ಇದು ಇರಲಿ. ತಡಿ, ಇನ್ನಾ ಓದಾಕತ್ತೀನಿ."

ಅಂಬರೀಷ ಎರಡೂ ಕೈ ಕೀಲಿಗಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೊರಗೆ ಹುಲಸೂರಿನ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರನ ಸೀಟಿ ಕೇಳಿಸುತ್ತಿತ್ತು. ಕಂಪ್ಯೂಟರಿನ ಧೂಳು ಹಿಡಿದ ಗಾಜಿನ ಮೇಲೆ ಅವಳ ತೋರುಬೆರಳು ಅಕ್ಷರದಿಂದ ಅಕ್ಷರಕ್ಕೆ, ಎಲ್ಲೂ ಅವಸರವಿಲ್ಲದೆ, ಒಂದು ತೆಳ್ಳನೆಯ ಗೆರೆ ಎಳೆಯುತ್ತ ಹೋಗುತ್ತಿತ್ತು.