ತುಟಿಮಾತು

“ಎಮ್ಮೆ ಮೆಲುಕು ಹಾಕಿದ ಹಾಗೆ ಬಾಯಾಡಿಸ್ಬೇಡ್ರೇ. ದೊಡ್ಡೋರು ಬರೋ ಹೊತ್ತು. ತುಟಿ ಹೊಲ್ಕೊಂಡು ನಿಂತ್ಕೊಳ್ಳಿ,” ಎಂದ ಮ್ಯಾನೇಜರ್.

ನಾನೂ ನನ್ನ ನಾದಿನಿಯೂ ಮಗ್ಗದ ಆಚೆ ಈಚೆ ನಿಂತಿದ್ದೆವು. ಹಳೇ ಕಾಲದವರ ಹಾಗೆ ಕಾಣಬೇಕೆಂದು ನಮ್ಮ ತಲೆಗೆ ಬಿಳಿ ಬಟ್ಟೆ ಕಟ್ಟಿಸಿದ್ದರು. ನಮ್ಮ ಜನ್ಮದಲ್ಲಿ ಅಂಥದ್ದನ್ನು ಕಟ್ಟಿದವರಲ್ಲ.

“ಇವನ ಬಾಯಿಗೆ ಮಣ್ಣು ಬೀಳ,” ಎಂದಳು ನಾದಿನಿ, ಸದ್ದಿಲ್ಲದೆ, ಬರೀ ತುಟಿಯಲ್ಲಿ. ನಾನು ನಗು ನುಂಗಿಕೊಂಡೆ.

ಮಗ್ಗದ ಶೆಡ್ಡಿನಲ್ಲಿ ದುಡಿದ ಹೆಂಗಸರಿಗೆ ಮಾತ್ರ ಬರುವ ಮಾತು ಇದು. ಮಿಲ್ಲು ನಡೆಯುವಾಗ ಪಕ್ಕದವಳು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ತುಟಿ ನೋಡಿ ಮಾತಾಡುವುದನ್ನು ಕಲಿತೆವು. ಯಾರು ಬಸುರಿ, ಯಾವ ಮೇಸ್ತ್ರಿ ಯಾರ ಸೊಂಟ ಚಿವುಟಿದ, ಎಲ್ಲಾ ಆ ಗದ್ದಲದಲ್ಲೇ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು. ಮೇಸ್ತ್ರಿಗಳು ಬೆಪ್ಪರ ಹಾಗೆ ನಮ್ಮ ಬಾಯಿ ನೋಡುತ್ತಿದ್ದರು.

ಈಗ ಮಿಲ್ಲು ಹೋಟೆಲಾಗಿತ್ತು, ಇವತ್ತು ಅದರ ಆರಂಭ. ಮಗ್ಗಗಳ ಮೇಲೆ ದಪ್ಪ ಗಾಜು ಹಾಸಿ ಊಟದ ಮೇಜು ಮಾಡಿದ್ದರು. ಚಂದ ಕಾಣುತ್ತದೆಂದು ಬೆಲ್ಟುಗಳನ್ನೂ ಹಾಗೇ ಬಿಟ್ಟಿದ್ದರು. ತಲೆಯ ಮೇಲಿನ ಉದ್ದನೆಯ ಶಾಫ್ಟಿನಿಂದ ಪ್ರತಿ ಮಗ್ಗಕ್ಕೂ ಒಂದೊಂದು ಇಳಿದಿತ್ತು. ನಮ್ಮದೊಂದು ಮಗ್ಗ ಮಾತ್ರ ಓಡಬೇಕು. ಧಣಿ ಭಾಷಣ ಮುಗಿಸಿ ಸನ್ನೆ ಮಾಡಿದಾಗ ನಾವು ಗೇಣುದ್ದ ನೇಯ್ದು ತೋರಿಸಬೇಕು, ಬಂದವರು ಚಪ್ಪಾಳೆ ತಟ್ಟಬೇಕು.

ಈ ಧಣಿಯ ಅಜ್ಜ ನಮ್ಮ ಅಜ್ಜಂದಿರನ್ನು ಹಡಗಿನಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಬಂದವನು. ಮಿಲ್ಲಿನ ಹಿಂದೆ ಸಾಲುಮನೆ ಕಟ್ಟಿ ಕೂಡಿಹಾಕಿದ. ಮೂರು ತಲೆಮಾರು ಅಲ್ಲೇ ಬದುಕಿ, ಹತ್ತಿಯ ಧೂಳು ಕೆಮ್ಮುತ್ತಾ ಅಲ್ಲೇ ಸತ್ತಿತು. ನನ್ನ ಗಂಡನೂ ಹಾಗೇ ಹೋದ. ಊರವರ ಬಾಯಲ್ಲಿ ಇವತ್ತಿಗೂ ನಾವು ‘ಬಂದೋರು’. ಮಿಲ್ಲು ಮುಚ್ಚಿದ ದಿನ ಈ ಮೊಮ್ಮಗ ನನ್ನ ಅತ್ತೆಯ ಕೈ ಹಿಡಿದು, “ಮನೆ ನಿಮ್ಮದೇ ಅಜ್ಜಿ, ಯಾರೂ ಮುಟ್ಟಲ್ಲ,” ಎಂದಿದ್ದ. ಅತ್ತೆ ನಂಬಿದಳು. ಈಗ ಸೊಂಟ ಬಿದ್ದುಹೋಗಿ ಮಂಚ ಹಿಡಿದಿದ್ದಾಳೆ. ಇವತ್ತು ಸಾಲುಮನೆಯವರಿಗೆಲ್ಲ ಇಲ್ಲಿ ಊಟಕ್ಕೆ ಕರೆ. ಅತ್ತೆಯೊಬ್ಬಳನ್ನು ಬಿಟ್ಟು ಎಲ್ಲರೂ ಬಂದು ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಧಣಿ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿದ್ದ. ಮುಖ ನಮ್ಮ ಕಡೆಗೇ ಇತ್ತು. ಒಳಗಿನ ಸದ್ದು ಹೊರಗೆ ಬರುತ್ತಿರಲಿಲ್ಲ. ನಮಗೆ ಸದ್ದು ಯಾಕೆ ಬೇಕು?

“ಎಲ್ಲಾ ಇಲ್ಲೇ ಇದಾರೆ. ಸಾಲುಮನೇಲಿ ಒಂದು ನರಪಿಳ್ಳೆ ಇಲ್ಲ. ನಾನು ಮೈಕ್ ಹಿಡಿದ ಕೂಡಲೇ ಬುಲ್ಡೋಜರ್ ಬಿಡು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಗ್ಬೇಕು. ಇವು ತಿಂದು ಹೋಗೋ ಹೊತ್ತಿಗೆ ನೆಲ ಸಮ. ನಾಳೆಯಿಂದ ಅಲ್ಲಿ ಕಾರ್ ನಿಲ್ಲಿಸ್ಬೇಕು.”

ನಾದಿನಿಯ ಮುಖ ನೋಡಿದೆ. ಅವಳೂ ಓದಿದ್ದಳು.

“ಅತ್ತಿಗೆ, ಅಮ್ಮ,” ಎಂದಿತು ಅವಳ ಬಾಯಿ.

“ನೀನು ಓಡು. ಗಂಡಸರನ್ನ ಕರ್ಕೊಂಡು ಹೋಗು. ನಿಮ್ಮಮ್ಮನ್ನ ಮಂಚದ ಸಮೇತ ಬಾಗಿಲಿಗೆ ಅಡ್ಡ ಇಡಿ.”

“ನೀನು?”

“ಈ ಸೂಳೆಮಗನ್ನ ನಾನು ನೋಡ್ಕೋತೀನಿ.”

ಗೋಡೆಗೆ ನಿಂತ ಹೆಂಗಸರ ಕಡೆ ತಿರುಗಿ ತುಟಿಯಾಡಿಸಿದೆ. ಅವರು ಗಂಡಂದಿರ ಕಿವಿಯಲ್ಲಿ ಉಸುರಿದರು. ನಾದಿನಿಯ ಹಿಂದೆ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಜಾರಿಕೊಂಡರು. ಹೆಂಗಸರು ಒಂದೊಂದು ಮಗ್ಗದ ಪಕ್ಕ ಹೋಗಿ ನಿಂತರು. “ಊಟಕ್ಕೆ ಎಷ್ಟು ಆತುರ ನೋಡಿ ಇವಕ್ಕೆ,” ಎಂದು ಮ್ಯಾನೇಜರ್ ಹಲ್ಲು ಕಿರಿದ.

ಅತಿಥಿಗಳು ವೇದಿಕೆಯ ಮುಂದೆ ಸೇರಿದರು. ಧಣಿ ಮೈಕ್ ಹಿಡಿದ. “ಈ ಮಿಲ್ಲಿನ ಕೆಲಸಗಾರರು ನಮ್ಮ ಮನೆಯವರಿದ್ದ ಹಾಗೆ,” ಎಂದು ಶುರು ಮಾಡಿದ.

ನಾನು ಮೋಟಾರಿನ ಗುಂಡಿ ಒತ್ತಿದೆ. ಶಾಫ್ಟು ತಿರುಗಿತು, ಬೆಲ್ಟುಗಳೂ ಸುತ್ತಿದವು. ಪ್ರತಿ ಮಗ್ಗಕ್ಕೂ ಎರಡು ಗಾಲಿ. ಒಂದು ಸುಮ್ಮನೆ ತಿರುಗುವುದು, ಇನ್ನೊಂದು ಮಗ್ಗ ಓಡಿಸುವುದು. ಪಕ್ಕದ ಹಿಡಿಕೆ ತಳ್ಳಿದರೆ ಬೆಲ್ಟು ಇದರಿಂದ ಅದಕ್ಕೆ ಸರಿಯುತ್ತದೆ.

“ಎಡಗಡೆಯವರು ತಳ್ಳಿ,” ಎಂದೆ.

ಎಡಗಡೆಯ ಮಗ್ಗಗಳು ಎದ್ದವು. ಅಬ್ಬಾ, ಆ ಸದ್ದು. ಗಾಜಿನ ಮೇಜುಗಳು ಕುಣಿದು, ಒಡೆದು, ತಟ್ಟೆ ಲೋಟಗಳ ಸಮೇತ ನೆಲಕ್ಕೆ ಬಿದ್ದವು. ನಮ್ಮನ್ನು ನೋಡಲು ಬಂದವರು ಕಿವಿ ಮುಚ್ಚಿಕೊಂಡು ಬಾಗಿಲಿಗೆ ನುಗ್ಗಿದರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಅತಿಥಿಗಳು ಹೊರಬಿದ್ದದ್ದೇ ತಡ, ನಮ್ಮವರು ಕಬ್ಬಿಣದ ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತರು.

ಧಣಿ ವೇದಿಕೆಯಿಂದ ಹಾರಿ ಬಂದ. ಅವನ ಬಾಯಿಂದ ಬಂದದ್ದನ್ನೆಲ್ಲ ಓದಿದೆ. “ನಿಲ್ಸೇ ಮುಂಡೆ. ಪೊಲೀಸರಿಗೆ ಕೊಡ್ತೀನಿ. ಬೀದಿನಾಯಿ ಥರ ಒದ್ದು ಓಡಿಸ್ತೀನಿ.” ಗುಂಡಿಯ ಮುಂದೆ ನಮ್ಮ ಹೆಂಗಸರು ಒತ್ತಾಗಿ ನಿಂತಿದ್ದರು. ಅವರನ್ನು ಎಳೆಯಲು ಹೋದ ಮ್ಯಾನೇಜರ್ ಕೈ ಕಚ್ಚಿಸಿಕೊಂಡು ಹಿಂದೆ ಬಂದ.

ಧಣಿಯ ಫೋನು ಬೆಳಗಿತು. ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನೊತ್ತಿ, “ಏನು, ಏನು” ಎಂದು ಬಾಯಿ ಬಿಡತೊಡಗಿದ. ನಾನು ಕಿಟಕಿಯಾಚೆ ನೋಡಿದೆ. ಓಣಿಯಲ್ಲಿ ಬುಲ್ಡೋಜರ್ ನಿಂತಿತ್ತು. ಅದರ ಮುಂದೆ, ನಮ್ಮ ಬಾಗಿಲಿಗೆ ಅಡ್ಡಲಾಗಿ ಮಂಚ, ಮಂಚದ ಮೇಲೆ ಅತ್ತೆ. ನಾದಿನಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಬಿಡಿಸಿ ಹೇಳಿದಳು: “ಧಣಿ ಹೂಂ ಅಂದ್ರೆ ಮುದುಕೀನೂ ಲೆಕ್ಕಕ್ಕಿಲ್ಲ ಅಂತಾನೆ ಡ್ರೈವರ್. ಅವನ್ನ ಹೊರಗೆ ಬಿಡ್ಬೇಡಿ.”

ಬಿಡುವುದುಂಟೇ? ಧಣಿ ಬಾಗಿಲಿಗೆ ಓಡಿದ, ಅಲ್ಲಿ ನಮ್ಮವರು. ಕಿಟಕಿಗೆ ಓಡಿದ, ಅಲ್ಲಿ ಅವನೇ ಹಾಕಿಸಿದ ಸರಳು. ಕೊನೆಗೆ ನನ್ನ ಮುಂದೆಯೇ ಬಂದು ನಿಂತ. ಅಂಗಿ ಬೆವರಿಗೆ ಮೈಗಂಟಿತ್ತು. ಎರಡೂ ಕೈ ಜೋಡಿಸಿದ.

“ಅಮ್ಮಾ, ತಾಯಿ, ನಿಲ್ಸು,” ಎಂದಿತು ಅವನ ಬಾಯಿ.

ಹೊಸದಾಗಿ ಕೆಲಸಕ್ಕೆ ಬಂದವಳಿಗೆ ಕಲಿಸುವಂತೆ ನಿಧಾನವಾಗಿ ಹೇಳಿದೆ: “ಬುಲ್ಡೋಜರ್ ವಾಪಸ್ ಕಳ್ಸು.”

ಅವನು ನನ್ನ ಬಾಯನ್ನೇ ನೋಡಿದ. ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿದೆ. ಆಗಲೂ ತಿಳಿಯಲಿಲ್ಲ. ಹಿಡಿಕೆ ತಳ್ಳಲು ಇನ್ನೂ ಕಾದು ನಿಂತಿದ್ದ ಬಲಗಡೆಯವರ ಕಡೆ ತಿರುಗಿ ನಾನು ಕೈ ಎತ್ತಿದೆ.