ನಡುಗೆರೆ ದಾಟಿದ ಮಾರ್ಲಿಸ್

ಸಿಟ್ಟು ಏರಿದಷ್ಟೂ ಮಾರ್ಲಿಸ್ ಹೌಗನ್‌ಳ ದನಿ ತಗ್ಗುತ್ತಿತ್ತು. ಅವಳು ಕೂಗಾಡಿದ್ದನ್ನಾಗಲಿ ಬಾಗಿಲು ಬಡಿದದ್ದನ್ನಾಗಲಿ ನಾನು ಕಂಡವನಲ್ಲ. ಮೊದಲು ಕಿವಿಯ ತುದಿ ಕೆಂಪಾಗುತ್ತಿತ್ತು. ಆಮೇಲೆ ಮಾತು ಎಷ್ಟು ಮೆಲ್ಲಗಾಗುತ್ತಿತ್ತೆಂದರೆ ಎದುರಿಗಿದ್ದವನು ಬಾಗಿ ಕಿವಿಗೊಡಬೇಕಾಗುತ್ತಿತ್ತು, ಹಾಗೆ ಬಾಗಿದವನಿಗೆ ಅವಳ ಮಾತು ಕಾದ ಸೀಸದ ಹಾಗೆ ನೇರ ಒಳಗಿಳಿಯುತ್ತಿತ್ತು. ಅಯೋವಾದ ನಮ್ಮ ಪುಟ್ಟ ಊರಿನ ಕಾಲೇಜಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಂಕ ಬರೆಯುವ ಕೆಲಸ, ಬೇರೆ ಯಾರೂ ಒಪ್ಪಲಿಲ್ಲವೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಮೂರು ವರ್ಷ ಆ ಸಿಟ್ಟಿಗೆ ನಾನೇ ಅತಿ ಸಮೀಪದ ಸಾಕ್ಷಿ.

ಆರಡಿಗೆ ಒಂದಂಗುಲ ಕಡಿಮೆಯ ದೇಹ. ಬೀದಿಯಲ್ಲಿ ನಡೆಯುವಾಗಲೂ ಮೊಣಕಾಲನ್ನು ತುಸು ಬಗ್ಗಿಸಿ, ಕೈಗಳನ್ನು ಮೈಯಿಂದ ದೂರ ಹಿಡಿದು, ಎದುರು ಬರುವ ಪ್ರಪಂಚವನ್ನೆಲ್ಲ ಅಡ್ಡಗಟ್ಟಲು ಹೊರಟವಳಂತೆ ಹೆಜ್ಜೆ ಹಾಕುವಳು. ಚಳಿಗಾಲವಿಡೀ ಮೈಮೇಲೆ ಒಂದೇ ಕೋಟು: ಹಾಲಿನ ಲಾರಿ ಓಡಿಸುತ್ತಿದ್ದ ಅಪ್ಪನದು, ಎದೆಯ ಮೇಲೆ ಕೆಂಪು ದಾರದಲ್ಲಿ 'ಓರ್ವಲ್' ಎಂದು ಅವನ ಹೆಸರು. ಗಂಡುಹುಡುಗರ ತಂಡದ ಒಬ್ಬ, "ಏನ್ ಓರ್ವಲ್, ಹಾಲು ತಂದ್ಯಾ?" ಎಂದು ಚುಡಾಯಿಸಿದಾಗ ಇವಳು ನಿಂತು, "ನಮ್ಮಪ್ಪನ ಹೆಸರು ಹೇಳೋಕ್ ಮುಂಚೆ ಬಾಯಿ ತೊಳ್ಕೊಂಡ್ ಬಾ," ಎಂದಳಷ್ಟೆ. ಅವನು ಮತ್ತೆ ಆ ತಂಟೆಗೆ ಬರಲಿಲ್ಲ. ಯಾವ ನಿಯಮವನ್ನು ಯಾರು ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದುದು ಒಂದೇ ಪ್ರಶ್ನೆ: "ಯಾರು ಹೇಳಿದ್ದು?"

ಈ ಪ್ರಶ್ನೆ ಹುಟ್ಟಿದ್ದು ಶಾಲೆಯ ಆಟದಲ್ಲಿ. ಆಗ ನಮ್ಮ ಕಡೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡಕ್ಕೆ ಆರು ಮಂದಿ. ಮೂವರು ಒಂದು ಅರ್ಧದಲ್ಲಿ ನಿಂತು ಚೆಂಡನ್ನು ಬುಟ್ಟಿಗೆ ಹಾಕುವವರು, ಮೂವರು ಇನ್ನೊಂದು ಅರ್ಧದಲ್ಲಿ ನಿಂತು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಇಡೀ ಅಂಕಣ ಓಡಿದರೆ ಹೆಣ್ಣಿನ ಹೃದಯ ತಡೆಯುವುದಿಲ್ಲವೆಂದು ಹಿಂದೆ ಯಾರೋ ಮಹಾನುಭಾವರು ನಿರ್ಣಯಿಸಿದ್ದರಂತೆ. ಬೆಳಗಾಗುವ ಮುನ್ನ ನಲವತ್ತು ಹಸು ಕರೆದು ಬರುತ್ತಿದ್ದ ಹುಡುಗಿಯರ ಹೃದಯ! ಮಾರ್ಲಿಸ್ ತಡೆಯುವವಳು. ನಾಲ್ಕು ವರ್ಷದಲ್ಲಿ ಒಂದು ಪಂದ್ಯದಲ್ಲಾದರೂ ಒಂದು ಚೆಂಡನ್ನು ಅವಳು ಬುಟ್ಟಿಯತ್ತ ಎಸೆಯಲಿಲ್ಲ. ರಾಜ್ಯದ ಪಂದ್ಯಾವಳಿಯಲ್ಲಿ, ಪಂದ್ಯಕ್ಕೆ ಐವತ್ತು ಅಂಕ ಗಳಿಸುತ್ತಿದ್ದ ಒಬ್ಬಳನ್ನು ಹನ್ನೊಂದಕ್ಕೆ ಕಟ್ಟಿಹಾಕಿದಳು. ಮರುದಿನದ ಪತ್ರಿಕೆ, ಪಾಪ, ಆ ಹುಡುಗಿಯ ಗ್ರಹಚಾರ ಅಂದು ಚೆನ್ನಾಗಿರಲಿಲ್ಲವೆಂದು ಬರೆಯಿತು. ಗ್ರಹಚಾರದ ಹೆಸರು ಹೌಗನ್ ಎಂದು ಬರೆಯಲಿಲ್ಲ.

ಕಾಲೇಜಿನಲ್ಲಿ ಐವರ ಆಟ, ಇಡೀ ಅಂಕಣದ ಓಟ. ೧೯೭೫ರ ಶರತ್ಕಾಲದಲ್ಲಿ ಮೊದಲ ದಿನದ ಅಭ್ಯಾಸಕ್ಕೆ ಬಂದವಳು ಚೆಂಡು ಕಸಿದು ಓಡಿದಳು. ನಡುಗೆರೆ ಬಂದೊಡನೆ ಅವಳ ಕಾಲುಗಳು ತಾವಾಗಿಯೇ ನಿಂತವು. ಗೂಟಕ್ಕೆ ಕಟ್ಟಿ ಬೆಳೆಸಿದ ಕರು ಹಗ್ಗ ಬಿಚ್ಚಿದ ಮೇಲೂ ಅದೇ ಸುತ್ತಿನೊಳಗೆ ನಿಲ್ಲುವುದಿಲ್ಲವೇ, ಹಾಗೆ. ಎಲ್ಲರೂ ನಕ್ಕರು. ಅವಳು ಕೆಳಗೆ ಗೆರೆಯನ್ನೇ ನೋಡುತ್ತ, "ನಗ್ರೇ. ಇವತ್ತೇ ನಕ್ಕುಬಿಡಿ," ಎಂದಳು.

ಆಮೇಲಿನದು ತಪಸ್ಸು. ಹುಡುಗಿಯರಿಗೆ ಕ್ರೀಡಾಂಗಣ ಸಿಗುತ್ತಿದ್ದುದು ಬೆಳಗಿನ ಐದೂವರೆಯಿಂದ ಏಳರವರೆಗೆ ಮಾತ್ರ. ಉಳಿದ ಹೊತ್ತೆಲ್ಲ ಗಂಡುಹುಡುಗರದು. ಸಮವಸ್ತ್ರ ವಾಲಿಬಾಲ್ ತಂಡದೊಂದಿಗೆ ಹಂಚಿಕೆ. ಅವರ ಬೆವರು ಒಣಗುವ ಮೊದಲೇ ಇವರು ತೊಡಬೇಕು. ಪರವೂರಿಗೆ ಗಂಡುಹುಡುಗರು ಬಸ್ಸಿನಲ್ಲಿ ಹೋದರೆ ಇವರು ಕೋಚ್ ಲೂಸಿಲ್ ಪ್ರೊಹಾಸ್ಕಾ ಅವರ ಸ್ವಂತ ಕಾರಿನಲ್ಲಿ, ಒಬ್ಬರ ತೊಡೆಯ ಮೇಲೊಬ್ಬರು. ಸರಿಸಮ ಕೊಡಿರೆಂದು ವಾಷಿಂಗ್ಟನ್ನಿನಲ್ಲಿ ಕಾನೂನಾಗಿ ಮೂರು ವರ್ಷವಾಗಿತ್ತು. ಅದು ನಮ್ಮೂರಿಗೆ ಬರುವ ದಾರಿಯಲ್ಲಿ ಎಲ್ಲೋ ಹಿಮದಲ್ಲಿ ಹೂತುಹೋಗಿತ್ತು. ಆ ಒಂದೂವರೆ ಗಂಟೆಯಲ್ಲಿ ಮಾರ್ಲಿಸ್ ಹತ್ತೊಂಬತ್ತನೆಯ ವಯಸ್ಸಿಗೆ ಚೆಂಡು ಎಸೆಯುವುದನ್ನು ಕಲಿತಳು. ಎರಡೂ ಕೈಯಿಂದ, ಎದೆಯಿಂದ, ಮೂಟೆ ದೂಡುವವಳಂತೆ. ನೋಡಲು ಕುರೂಪ, ಆದರೆ ಬೀಳುತ್ತಿದ್ದುದು ಬುಟ್ಟಿಗೇ.

ಮೂರನೆಯ ವರ್ಷ ನಮ್ಮ ಹುಡುಗಿಯರು ಹತ್ತೊಂಬತ್ತು ಪಂದ್ಯ ಗೆದ್ದು ಪ್ರಾದೇಶಿಕ ಸುತ್ತಿಗೆ ಬಂದರು. ಮೊದಲ ಪಂದ್ಯ ನಮ್ಮಲ್ಲೇ, ಶನಿವಾರ ಎರಡು ಗಂಟೆಗೆ. ಗುರುವಾರ ಕ್ರೀಡಾ ನಿರ್ದೇಶಕ ಡ್ವೇನ್ ಕೆಟರಿಂಗ್ ಪ್ರೊಹಾಸ್ಕಾ ಅವರನ್ನು ಕರೆಸಿದರು. ಶನಿವಾರ ಸಂಜೆಯೇ ಗಂಡುತಂಡದ ಅಭಿಮಾನಿಗಳಿಗೆ ಕ್ರೀಡಾಂಗಣದಲ್ಲಿ ಔತಣವಂತೆ. ಹುಡುಗಿಯರು ನಾಲ್ಕು ಮೈಲಿಯಾಚೆಯ ಮಕ್ಕಳ ಶಾಲೆಯಲ್ಲಿ ಆಡಿಕೊಳ್ಳಬಹುದಂತೆ. ಆ ವರ್ಷ ಗಂಡುತಂಡ ಗೆದ್ದಿದ್ದು ಆರೇ ಪಂದ್ಯ.

ಶನಿವಾರ ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಅಂಕಣದ ತುಂಬ ಬಿಳಿ ಬಟ್ಟೆ ಹಾಸಿದ ಮೇಜುಗಳು, ಒಳಗೆಲ್ಲ ಬೇಯುತ್ತಿದ್ದ ಹಂದಿತೊಡೆಯ ಘಮಲು. ಮಾರ್ಲಿಸ್ ಒಬ್ಬಳೇ ಬಂದು ಕೋಟು ಕಳಚಿಟ್ಟಳು. ಮೊದಲ ಮೇಜಿನ ಬಟ್ಟೆಯನ್ನು ನೀಟಾಗಿ ಮಡಿಚಿದಳು, ಮೇಜಿನ ಕಾಲು ಮಡಚಿ ಅದನ್ನು ಹೆಗಲಿಗೇರಿಸಿದಳು, ಹೊರಗೆ ಹಿಮದಲ್ಲಿ ಒರಗಿಸಿ ಬಂದು ಎರಡನೆಯದಕ್ಕೆ ಕೈಹಾಕಿದಳು.

ಕೆಟರಿಂಗ್ ಓಡಿಬಂದರು. "ಏಯ್ ಹುಡುಗಿ, ಏನಿದು? ಇಲ್ಲಿ ಪಂದ್ಯ ಇಲ್ಲ!"

"ಯಾರು ಹೇಳಿದ್ದು?"

"ನಾನು ಹೇಳ್ತಾ ಇದೀನಿ."

"ನಿಮಗೆ ಯಾರು ಹೇಳಿದ್ದು, ಸರ್?"

"ನೋಡಮ್ಮ, ನಾನೇನು ಹುಡುಗೀರ ವಿರೋಧಿ ಅಲ್ಲ. ನನಗೂ ಇಬ್ಬರು ಹೆಣ್ಮಕ್ಕಳಿದಾರೆ."

ಅವಳ ದನಿ ಈಗ ಕೇಳಿಸದಷ್ಟು ಇಳಿದಿತ್ತು. ಅವರು ಬಾಗಿದರು. "ಪಾಪ. ಇದೆಲ್ಲ ಅವರಿಗೆ ಗೊತ್ತಾ?" ಎಂದಳು.

ಅಷ್ಟರಲ್ಲಿ ನಮ್ಮ ಹುಡುಗಿಯರು ಬಂದರು. ಕೇಳದೆ ಮಾತಾಡದೆ ಮೇಜುಗಳಿಗೆ ಹೆಗಲು ಕೊಟ್ಟರು. ಜಾಗ ಬದಲಾದ ಸುದ್ದಿ ತಲುಪದ ಎದುರಾಳಿ ತಂಡದ ವ್ಯಾನು ಹೊರಗೆ ಬಂದು ನಿಂತಿತು. ಅವರ ನಾಯಕಿ ಒಳಗೆ ಇಣುಕಿ, "ಏನ್ರೇ, ಮದುವೆ ಮನೆಯಾ?" ಎಂದಳು. ವಿಷಯ ತಿಳಿದದ್ದೇ, "ಬನ್ರೇ, ನಮ್ಮನೇಲೂ ಇದೇ ಹಾಡು," ಎಂದು ತನ್ನವರನ್ನು ಕರೆದಳು. ಇಪ್ಪತ್ತು ಹುಡುಗಿಯರು ಅರ್ಧ ಗಂಟೆಯಲ್ಲಿ ನಲವತ್ತು ಮೇಜುಗಳನ್ನೂ ಕುರ್ಚಿಗಳನ್ನೂ ಹೊರಹಾಕಿದರು. ನಾನು ಅಂಕದ ಪುಸ್ತಕ ಎದೆಗವಚಿ ಗೋಡೆಗೆ ಅಂಟಿ ನಿಂತಿದ್ದೆ. ಒಂದು ಮೇಜನ್ನೂ ಮುಟ್ಟಲಿಲ್ಲ. ನನ್ನ ಸ್ಕಾಲರ್‌ಶಿಪ್ ಕಾಗದಕ್ಕೆ ಸಹಿ ಹಾಕುತ್ತಿದ್ದವರು ಕೆಟರಿಂಗ್.

ಎರಡು ಗಂಟೆಗೆ ಸರಿಯಾಗಿ ಆಟ ಶುರುವಾಯಿತು. ಮಾರ್ಲಿಸ್ ಇಪ್ಪತ್ತಾರು ಅಂಕ ಗಳಿಸಿದಳು. ಅಷ್ಟು ಮೇಜು ಹೊತ್ತ ಮೇಲೂ ಆ ಕುರೂಪದ ಎಸೆತ ಗುರಿ ತಪ್ಪಲಿಲ್ಲ. ನಾವು ಒಂಬತ್ತು ಅಂಕಗಳಿಂದ ಗೆದ್ದೆವು. ಬೇಗ ಬಂದಿದ್ದ ಕೆಲವು ಅತಿಥಿಗಳು ಕೂರಲು ಕುರ್ಚಿಯಿಲ್ಲದೆ ಗೋಡೆಗೊರಗಿ ನೋಡಿದರು. ಅವರಲ್ಲೊಬ್ಬ ಮುದುಕ ಚಪ್ಪಾಳೆ ತಟ್ಟಿ, ಅಕ್ಕಪಕ್ಕ ನೋಡಿ ನಿಲ್ಲಿಸಿದ.

ಮುಂದಿನ ವಾರ ಪರವೂರಲ್ಲಿ ಸೋತೆವು. ಮೇ ತಿಂಗಳಲ್ಲಿ ಎರಡು ಕಾಗದ ಬಂದವು. ಪ್ರೊಹಾಸ್ಕಾ ಅವರ ಕೆಲಸ ಮುಂದುವರಿಯುವುದಿಲ್ಲವೆಂದು ಒಂದು. ಅಶಿಸ್ತಿಗಾಗಿ ಮಾರ್ಲಿಸ್ ತಂಡದಿಂದ ಹೊರಗೆಂದು ಇನ್ನೊಂದು. ನಾಲ್ಕನೆಯ ವರ್ಷ ಅವಳು ಆಡಲಿಲ್ಲ. ಅದೇ ವರ್ಷ, ಆ ಕಾನೂನಿನಡಿ ಮೊಕದ್ದಮೆ ಬಿದ್ದೀತೆಂಬ ಹೆದರಿಕೆಗೆ, ಹುಡುಗಿಯರಿಗೆ ಸಂಜೆಯ ಹೊತ್ತು, ಹೊಸ ಸಮವಸ್ತ್ರ, ಬಸ್ಸು ಎಲ್ಲ ಬಂದವು. ಅವಳು ಮೇಲಿನ ಸಾಲಿನಲ್ಲಿ ಕೂತು ಪ್ರತಿ ಪಂದ್ಯವನ್ನೂ ನೋಡಿದಳು. ಹಲ್ಲು ಕಚ್ಚಿಕೊಂಡು, ಅಪ್ಪನ ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು.

ಇಪ್ಪತ್ತೈದು ವರ್ಷದ ಮೇಲೆ ಕ್ರೀಡಾಂಗಣಕ್ಕೆ ಕೆಟರಿಂಗ್ ಹೆಸರಿಟ್ಟರು, 'ಮಹಿಳಾ ಕ್ರೀಡೆಯ ದೂರದರ್ಶಿ ಪೋಷಕ'ರೆಂದು ಹೊಗಳಿ. ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸದಲ್ಲಿದ್ದ ಮಾರ್ಲಿಸ್‌ಳನ್ನೂ ವೇದಿಕೆಗೆ ಕರೆದು, ಎರಡು ಕೃತಜ್ಞತೆಯ ಮಾತಾಡಿ ಎಂದರು. ಅವಳು ಧ್ವನಿವರ್ಧಕದ ಹತ್ತಿರ ಹೋಗಿ, "ಲೂಸಿಲ್ ಪ್ರೊಹಾಸ್ಕಾ ನೆಬ್ರಾಸ್ಕದಲ್ಲಿ ಚಪ್ಪಲಿ ಅಂಗಡೀಲಿ ದುಡಿದು ಸತ್ತೋದ್ರು. ಈ ಗೋಡೆ ಮೇಲೆ ಅವರ ಹೆಸರು ಬರೆದ್ಮೇಲೆ ಕರೀರಿ, ಬರ್ತೀನಿ," ಎಂದು ಇಳಿದು ಹೊರಟಳು. ನನ್ನ ಪಕ್ಕದಲ್ಲಿದ್ದ ಹೆಂಗಸು, "ಇನ್ನೂ ಸಿಟ್ಟಾ ಇವಳಿಗೆ?" ಎಂದಳು.

ಹೌದು, ಇನ್ನೂ. ಇಂಥವರು ಪ್ರತಿ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರು ಗೆದ್ದುಕೊಟ್ಟದ್ದನ್ನು ಅನುಭವಿಸುವಾಗ ನಮಗೆ ಅವರ ನಗುಮುಖದ ಚಿತ್ರ ಬೇಕು, ಕಹಿಯೆಲ್ಲ ಕರಗಿತೆಂಬ ಸಮಾಧಾನ ಬೇಕು, ಕ್ಷಮೆಯನ್ನೂ ಅವರೇ ತಂದು ನಮ್ಮ ಕೈಗಿಡಬೇಕು. ಅವರು ಕೊಡುವುದಿಲ್ಲ. ಅದನ್ನು ನಾವು ಹಟವೆನ್ನುತ್ತೇವೆ, ಒರಟುತನವೆನ್ನುತ್ತೇವೆ. ಅನ್ಯಾಯ ಮಾಡಿದವರಿಗೆ, ಅದನ್ನು ಗೋಡೆಗೊರಗಿ ನೋಡಿದ ನನ್ನಂಥವರಿಗೆ, ಮರೆವು ಸುಲಭ. ನಡೆದದ್ದನ್ನು ನಡೆದ ಹಾಗೆ ನೆನಪಿಡುವ ಕೂಲಿಯಿಲ್ಲದ ಕೆಲಸವನ್ನು ಊರಿನ ಪರವಾಗಿ ಮಾಡುತ್ತಿರುವುದು ಅವರ ಸಿಟ್ಟೊಂದೇ.